ಚೀಟಿ ಕೇಳಿದರೆ ತಾವೇ ಬರುವ ಮೆಂಬರರು

ಇಡೀ ಹಿಂದೂಸ್ತಾನದ ಲೋಕಸಭೆಯಲ್ಲಿ ನಮ್ಮ ಸೋದರಮಾವನಷ್ಟು ಉಪಯೋಗಕ್ಕೆ ಬಾರದ ಮೆಂಬರರು ಇನ್ನೊಬ್ಬರು ಇರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಈ ಮಾತು ಆಡುತ್ತಿಲ್ಲ. ಅವರನ್ನು ಉಪಯೋಗಿಸಿಕೊಳ್ಳಬೇಕೆಂದು ಐದು ವರ್ಷ ಹೊಂಚುಹಾಕಿ ಕೂತವರಲ್ಲಿ ನಾನೇ ಮೊದಲಿಗ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ಅಧಿಕೃತವೆಂದೇ ತಿಳಿಯಬೇಕು.

ಆಗ ನಾನು ಮುಂಬೈಯ ಘಾಟ್ಕೋಪರಿನ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೂವರೆ ಖೋಲಿಯಲ್ಲಿ ಹೆಂಡತಿಯ ಜೊತೆ ಇದ್ದೆ. ಒಂದೂವರೆ ಎಂದರೆ ಒಂದು ಖೋಲಿ, ಅದರ ನಡುವೆ ಕಟ್ಟಿದ ಒಂದು ಪರದೆ. ಕೆಲಸ ಫೋರ್ಟಿನ ಕಡೆ ಒಂದು ಸರಕಾರಿ ಕಚೇರಿಯಲ್ಲಿ. ಗುಮಾಸ್ತ. ಬರೀ ಗುಮಾಸ್ತನಾಗಿದ್ದರೆ ಚಿಂತೆಯಿರಲಿಲ್ಲ, ಟೆಂಪರರಿ ಗುಮಾಸ್ತ. ಆರು ತಿಂಗಳಿಗೊಮ್ಮೆ ನನ್ನ ನೌಕರಿ ಸಾಯುತ್ತಿತ್ತು. ಒಂದು ಆರ್ಡರು ಬಂದು ಮತ್ತೆ ಆರು ತಿಂಗಳ ಜೀವ ಕೊಡುತ್ತಿತ್ತು. ಆ ಆರ್ಡರು ಬರುವ ವಾರದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕಾಯಂ ಆಗುವುದೊಂದೇ ನನ್ನ ಜೀವನದ ಗುರಿ. ಅದಕ್ಕೆ ಬೇಕಾದದ್ದು ದೊಡ್ಡವರೊಬ್ಬರು ಬರೆದ ನಾಲ್ಕು ಸಾಲಿನ ಶಿಫಾರಸಿನ ಚೀಟಿ. ಮನೆಯಲ್ಲೇ ಲೋಕಸಭೆಯ ಮೆಂಬರರಿರುವಾಗ ಅದೆಂಥ ಕಷ್ಟ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ದಿನಾ ಅದನ್ನೇ ಕೇಳುತ್ತಿದ್ದಳು.

ಮೊದಲು ಅವರು ಮೆಂಬರರಾದ ಬಗೆಯನ್ನು ಹೇಳುತ್ತೇನೆ. ಮಾವನಿಗೆ ವಿಜಾಪುರದ ಕಡೆ ಎರೆಹೊಲ. ಜೋಳ, ಕುಸುಬಿ, ಕಡಲೆ ಬೆಳೆಯುತ್ತಿದ್ದರು. ಆರಡಿಯ ಆಳು, ರುಮಾಲು ಸುತ್ತಿದರೆ ಇನ್ನೂ ಅರ್ಧ ಅಡಿ. ಸ್ವಾತಂತ್ರ್ಯ ಚಳವಳಿಯಲ್ಲಿ ಒಮ್ಮೆ ಜೈಲಿಗೆ ಹೋಗಿ ಬಂದಿದ್ದರು, ಅಲ್ಲಿಯೂ ಬದನೆ ಬೆಳೆದು ಬಂದಿದ್ದರಂತೆ. ಮೊದಲ ಸಾರ್ವತ್ರಿಕ ಚುನಾವಣೆ ಬಂದಾಗ ಆ ಭಾಗದ ಇಬ್ಬರು ಧುರೀಣರು ಟಿಕೆಟ್ಟಿಗಾಗಿ ಜಗಳಕ್ಕೆ ನಿಂತರು. ಎಷ್ಟು ದಿನವಾದರೂ ಜಗಳ ಹರಿಯಲಿಲ್ಲ. ಕೊನೆಗೆ ಪಕ್ಷದ ಹಿರಿಯರು ಬೇಸತ್ತು, ಇಬ್ಬರಿಗೂ ಆಗಿಬರುವ ಒಬ್ಬನ ಹೆಸರು ಹೇಳಿ ಎಂದರು. ಇಬ್ಬರೂ ಹೇಳಿದ್ದು ಒಂದೇ ಹೆಸರು. ಏಕೆಂದರೆ ಇಬ್ಬರ ಹೊಲದಲ್ಲೂ ಮಾವ ಮುಯ್ಯಾಳಾಗಿ ದುಡಿದಿದ್ದರು.

ಮುಯ್ಯಾಳು ಎನ್ನುವುದು ನಮ್ಮ ಕಡೆಯ ಪದ್ಧತಿ. ಬಿತ್ತನೆಗೋ ರಾಶಿಗೋ ಕೈ ಸಾಲದೆ ಹೋದಾಗ ಒಬ್ಬ ರೈತ ಇನ್ನೊಬ್ಬನನ್ನು 'ನಾಳೆ ಬಾರಪ್ಪಾ' ಎಂದು ಕರೆಯುತ್ತಾನೆ. ಕರೆಸಿಕೊಂಡವನು ಖುದ್ದಾಗಿ ಹೋಗಿ ದುಡಿಯುತ್ತಾನೆ. ಕೂಲಿಯಿಲ್ಲ. ಮುಂದೆ ಇವನಿಗೆ ಬೇಕಾದಾಗ ಅವನು ಬರುತ್ತಾನೆ. ಕರೆದರೆ ಹೋಗದೆ ಇರುವಂತಿಲ್ಲ, ಕರೆಯದೆ ಹೋಗುವಂತೆಯೂ ಇಲ್ಲ. ಮಾವನಿಗೆ ಗೊತ್ತಿದ್ದ ರಾಜ್ಯಶಾಸ್ತ್ರ ಇಷ್ಟೇ. ಓಟು ಕೇಳಲು ಹೋದವರು ಹೊಲದಲ್ಲಿ ಜನ ಕಡಲೆ ಕೀಳುತ್ತಿರುವುದನ್ನು ಕಂಡರೆ ತಾವೂ ಇಳಿದು ಕೀಳಲು ಕೂತುಬಿಡುವರು. ಜೊತೆಗೆ ಬಂದ ಕಾರ್ಯಕರ್ತರು ಬದುವಿನ ಮೇಲೆ ನಿಂತು ಗಡಿಯಾರ ನೋಡುವರು. ಹೀಗಾಗಿ ಹನ್ನೆರಡು ಹಳ್ಳಿ ಮುಗಿಯುವುದರೊಳಗೆ ಮತದಾನದ ದಿನವೇ ಬಂದುಬಿಟ್ಟಿತು. ಆದರೂ ಗೆದ್ದರು. ಹೇಗೆ ಗೆದ್ದರೆಂದು ಪಕ್ಷದವರಿಗೆ ಕೊನೆಗೂ ತಿಳಿಯಲಿಲ್ಲ.

ಅಧಿವೇಶನಕ್ಕೆ ದಿಲ್ಲಿಗೆ ಹೋಗುವಾಗಲೂ ಬರುವಾಗಲೂ ಮುಂಬೈಯಲ್ಲಿ ಇಳಿದು, ನಮ್ಮಲ್ಲಿ ನಾಲ್ಕಾರು ದಿನ ಇರುವರು. 'ನಿಮ್ಮವ್ವ ಹೇಳ್ಯಾಳ, ಮಗನ್ನ ನೋಡ್ಕೋತಿರು ಅಂತ' ಎನ್ನುವರು. ಮೆಂಬರರಿಗೆ ಫಸ್ಟ್ ಕ್ಲಾಸಿನ ಪಾಸು ಇತ್ತು. ಒಂದೇ ಸಲ ಅದರಲ್ಲಿ ಕೂತು ಬಂದರು. ಮುಂದೆ ಥರ್ಡ್ ಕ್ಲಾಸೇ ಗತಿ. ಏಕೆಂದು ಕೇಳಿದೆ.

"ಒಬ್ಬ ಸಾಹೇಬ ಇದ್ನೋ. ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡ. ಹನ್ನೆರಡ ತಾಸು ಒಂದ ಮಾತಿಲ್ಲ ಕತಿ ಇಲ್ಲ. ಅಂಥಾ ಶಿಕ್ಷಾ ನನಗ ಜೈಲಿನಾಗೂ ಆಗಿರಲಿಲ್ಲ" ಎಂದರು.

ಹೆಗಲಿಗೊಂದು ಕಂಬಳಿ, ಕೈಯಲ್ಲೊಂದು ಗಂಟು. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅದರ ನಡುವೆ ಪಾರ್ಲಿಮೆಂಟಿನ ಕಾಗದಪತ್ರ. ದೇಶದ ಬಜೆಟ್ಟಿಗೆ ಬೆಳ್ಳುಳ್ಳಿಯ ವಾಸನೆ ಹತ್ತಿದ್ದನ್ನು ನಾನು ಸ್ವತಃ ಮೂಸಿ ನೋಡಿದ್ದೇನೆ. ದಿಲ್ಲಿ ಹೇಗಿದೆ ಎಂದು ನನ್ನ ಹೆಂಡತಿ ಕೇಳಿದರೆ ಅವರಿಗೆ ಒಂದೇ ಆಶ್ಚರ್ಯ. "ಮನಿ ಮುಂದ ಹುಲ್ಲು ಬೆಳಸ್ತಾರವಾ. ನೀರು ಹಾಕ್ತಾರ, ಕತ್ತರಸ್ತಾರ, ಒಯ್ದು ಚೆಲ್ತಾರ. ಇಡೀ ಓಣ್ಯಾಗ ಒಂದ ದನಾ ಇಲ್ಲ."

ಇಂಥವರು ಚಾಳಿಗೆ ಬಂದರೆಂದು ಗೊತ್ತಾದಾಗ ಜನ ಬಿಡುತ್ತಾರೆಯೇ? ಮೊದಲು ಬಂದವರು ಮೂಲೆಯ ಹೋಟೆಲಿನ ಶೆಟ್ಟರು. ಅವರ ಹೋಟೆಲಿನ ಸಕ್ಕರೆಯ ಪರ್ಮಿಟ್ಟು ಒಂದು ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಂದು ಕಿಟಕಿಯ ಒಳಗಿದ್ದವರು ಈಗ ಎಲ್ಲಿಯೋ ಸುಖವಾಗಿ ಪಿಂಚಣಿ ತೆಗೆದುಕೊಳ್ಳುತ್ತಿರಬಹುದು. ಶೆಟ್ಟರು ಬಾಳೆಎಲೆಯಲ್ಲಿ ಕಟ್ಟಿದ ಇಡ್ಲಿಯನ್ನು ಮಾವನ ಮುಂದಿಟ್ಟು, "ನಿಮ್ಮದೊಂದು ಚೀಟಿ ಸಿಕ್ಕಿದ್ರೆ ಸಾಕು, ಹತ್ತು ನಿಮಿಷದ ಕೆಲಸ ಉಂಟು" ಎಂದರು.

"ಚೀಟಿ ಯಾಕ್ರಿ? ನಾನೇ ಬರ್ತೀನಿ" ಎಂದರು ಮಾವ.

ಶೆಟ್ಟರು ಹಿಗ್ಗಿ ಹೋದರು. ಮೆಂಬರರೇ ಖುದ್ದಾಗಿ! ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಅವರು ಹಿಂದಿರುಗಿದ್ದು ಮಧ್ಯಾಹ್ನ ಎರಡು ಗಂಟೆಗೆ. ಆ ಅಂಗಿಯನ್ನು ಹಿಂಡಿದ್ದರೆ ಒಂದು ಚೆಂಬು ಬೆವರು ಬರುತ್ತಿತ್ತು. ಆಗಿದ್ದಿಷ್ಟೆ: ಕಚೇರಿಗೆ ಹೋದವರೇ ಮಾವ ಸಾಲಿನ ಬಾಲ ಹುಡುಕಿ, ಅಲ್ಲಿ ಶೆಟ್ಟರನ್ನು ನಿಲ್ಲಿಸಿ, ತಾವು ಅವರ ಹಿಂದೆ ನಿಂತುಬಿಟ್ಟಿದ್ದರು.

"ಎಂತ ಹೇಳುವುದು ಮಾರಾಯ್ರೆ" ಎಂದು ಶೆಟ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಹಿಂಬಾಗಿಲಲ್ಲಿ ನನಗೆ ಒಬ್ಬ ಗುರ್ತದವ ಇದ್ದ. ಇವರನ್ನು ಬಿಟ್ಟು ಅಲ್ಲಿ ಹೋಗ್ಲಿಕ್ಕೆ ಮುಖ ಬರ್ಲಿಲ್ಲ. ಇವರು ಮೆಂಬರು ಅಂತ ಹೇಳ್ತಾರಾ ಅಂತ ಕಾದೆ. ಕೊನೆಗೂ ಹೇಳ್ಲಿಲ್ಲ. ಸರದಿ ಬಂದ ಮೇಲೇ ಪರ್ಮಿಟ್ಟು ಸಿಕ್ಕಿದ್ದು."

ನಾನು ಮಾವನನ್ನು ಕೇಳಿದೆ. "ಒಂದು ಮಾತು ಹೇಳಬಾರದಿತ್ತೇನ್ರಿ ಮಾಮಾ?"

"ಹೇಳಿದ್ರ ನನಗೊಂದು ಕುರ್ಚಿ ಹಾಕ್ತಿದ್ರು. ಸಾಲಿನಾಗ ಅರವತ್ತ ಮಂದಿ ನಿಂತಿದ್ರಲ್ಲೋ, ಅವ್ರು ಎಲ್ಲಿ ಕೂಡಬೇಕು?"

"ಚೀಟಿನಾದ್ರೂ ಕೊಡಬಹುದಿತ್ತು."

"ಮುಯ್ಯಾಳು ಬಾ ಅಂತ ಕರದ್ರ ಚೀಟಿ ಕಳಸ್ತಾರೇನೋ?" ಎಂದು ಅವರು ನಿಜವಾಗಿಯೂ ತಿಳಿಯದವರಂತೆ ನನ್ನ ಮುಖ ನೋಡಿದರು. ಅಂದು ನನಗೆ ಎಲ್ಲವೂ ಅರ್ಥವಾಯಿತು. ಈ ಪುಣ್ಯಾತ್ಮರು ಪಾರ್ಲಿಮೆಂಟನ್ನು ದೊಡ್ಡದೊಂದು ಹೊಲ ಎಂದು ತಿಳಿದುಕೊಂಡಿದ್ದರು!

ಆದರೆ ಆ ಸಾಲಿನ ಬಗ್ಗೆ ಶೆಟ್ಟರು ಹೇಳಿದ ಇನ್ನೊಂದು ಮಾತನ್ನು ಬಿಡಬಾರದು. ಬೆಳಗ್ಗೆ ಎಂಟಕ್ಕೆ ಅಲ್ಲಿ ಎಂದಿನಂತೆ ನೂಕಾಟ, ಬೈದಾಟ. ಹತ್ತು ಗಂಟೆಗೆ ಮಾವನಿಗೆ ಸಾಲಿನಲ್ಲಿದ್ದ ಅರ್ಧ ಜನರ ಊರು ಗೊತ್ತಾಗಿತ್ತು. ಹನ್ನೊಂದಕ್ಕೆ ಒಂದು ಮುದುಕಿಯನ್ನು ಎಲ್ಲರೂ ಸೇರಿ ತಾವಾಗಿ ಮುಂದಕ್ಕೆ ಸಾಗಿಸಿದರು. ಹನ್ನೆರಡಕ್ಕೆ ರತ್ನಾಗಿರಿಯವನೊಬ್ಬ ತನ್ನ ಭಾಕ್ರಿಯನ್ನು ಜೌನಪುರದವನಿಗೆ ಮುರಿದು ಕೊಟ್ಟ. ಮಾವನಿಗೆ ಬರುತ್ತಿದ್ದ ಮರಾಠಿ ಊರ ಸಂತೆಯದು, ಹಿಂದಿ ಜೈಲಿನದು. ಎರಡನ್ನೂ ಕಲಸಿ ಅವರು ಅದೇನು ಮಾತಾಡಿದರೋ! ಮುಂಬೈಯಲ್ಲಿ ಅಷ್ಟು ವರ್ಷ ಇದ್ದ ನಾನು ಪಕ್ಕದ ಖೋಲಿಯವರ ಊರು ಯಾವುದೆಂದು ಕೇಳಿರಲಿಲ್ಲ.

ಇನ್ನೊಂದು ಪ್ರಸಂಗ ಭಾಂಡುಪಿನದು. ಅಲ್ಲಿದ್ದ ನಮ್ಮ ದೂರದ ನೆಂಟರೊಬ್ಬರು ಮಗನಿಗೆ ಕಾರಖಾನೆಯಲ್ಲಿ ನೌಕರಿ ಕೊಡಿಸಿ ಎಂದು ಮಾವನ ಬಳಿ ಬಂದರು. ಅವರಿಗೂ ಬೇಕಾದದ್ದು ಚೀಟಿಯೇ. ಮಾವ ಕಂಬಳಿ ಕೊಡವಿ ಎದ್ದರು. ಮೂರು ದಿನ ಆ ಹುಡುಗನ ಜೊತೆ ಒಂದೊಂದೇ ಕಾರಖಾನೆಯ ಗೇಟಿಗೆ ಬೆಳಗಿನ ಪಾಳಿಯ ಭೋಂಗಾ ಊದುವ ಹೊತ್ತಿಗೆ ಹೋಗಿ ನಿಂತರು. ನಡುವೆ ರೈಲು ಹಳಿಯ ಆಚೆಗೆ ಉಪ್ಪಿನ ಗದ್ದೆಗಳು ಕಣ್ಣಿಗೆ ಬಿದ್ದವಂತೆ. ಉಪ್ಪಿಗೂ ಪಾತಿ ಕಟ್ಟಿ ನೀರು ಹಾಯಿಸುತ್ತಾರೆಂದು ಕಂಡು ಅವರಿಗೆ ಸ್ವರ್ಗವೇ ಸಿಕ್ಕಂತಾಯಿತು. ನೌಕರಿ ಹುಡುಕುವುದನ್ನು ಬಿಟ್ಟು ಅರ್ಧ ದಿನ ಅಲ್ಲಿ ಉಪ್ಪು ಎಳೆದರು. ಹುಡುಗ ದಂಡೆಯ ಮೇಲೆ ಕೂತು ತನ್ನ ಹಣೆಬರಹಕ್ಕೆ ಮರುಗುತ್ತಿದ್ದನಂತೆ.

ಮೂರನೆಯ ದಿನ ಒಂದು ಗೇಟಿನಲ್ಲಿ ಆಳು ಆರಿಸುವ ಮುಕಾದಮ ಹೊರಗೆ ಬಂದು ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ. ಹುಡುಗನ ತೋಳು ಹಿಚುಕಿದ. ಮಾವನ ತೋಳನ್ನೂ ಹಿಚುಕಿದ. ಆಮೇಲೆ, "ಲಡಕಾ ನಹಿ ಚಲೇಗಾ. ಬುಡ್ಢಾ ಚಲೇಗಾ. ಕಲ್ ಸೇ ಆ ಜಾವ್" ಎಂದ. ಅಂದರೆ ಹುಡುಗ ಬೇಡ, ಮುದುಕ ನಾಳೆಯಿಂದ ಕೆಲಸಕ್ಕೆ ಬರಲಿ!

ನಾವೆಲ್ಲ ನಕ್ಕು ನಕ್ಕು ಸುಸ್ತಾದೆವು. ಮಾವನಿಗೆ ಮಾತ್ರ ಅದು ಭಾರಿ ಅಭಿಮಾನದ ಸಂಗತಿ. "ದಿಲ್ಲಿಗೆ ನನ್ನ ಮಂದಿ ಕಳಿಸಿದ್ರು. ಇಲ್ಲಿ ನನ್ನ ಮೈ ನೋಡಿ ಕರದಾರ" ಎಂದು ಎಷ್ಟೋ ದಿನ ಹೇಳಿಕೊಂಡು ತಿರುಗಿದರು. ಮರುದಿನ ಆ ಮುಕಾದಮನ ಬಳಿ ಹೋಗಿ, ತಮಗೆ ಬೇರೆ ಕಡೆ ಕೆಲಸವಿದೆ, ಬರಲಾಗುವುದಿಲ್ಲ ಎಂದು ಕೈಮುಗಿದು ತಿಳಿಸಿ ಬಂದರು. ಯಾವ ಕೆಲಸ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಈ ಮರ್ಯಾದೆಗೆ ಮೆಚ್ಚಿಯೋ ಏನೋ, ಅವನು ಹುಡುಗನನ್ನು ಉಗ್ರಾಣದಲ್ಲಿ ಚೀಲ ಎಣಿಸುವ ಕೆಲಸಕ್ಕೆ ಹಚ್ಚಿದ.

ಈಗ ನನ್ನ ಫಜೀತಿ ನಿಮಗೆ ಅರ್ಥವಾಗಿರಬೇಕು. ನಾನು ಚೀಟಿ ಕೇಳಿದರೆ ಚೀಟಿ ಬರುವುದಿಲ್ಲ, ಮಾವ ಬರುತ್ತಾರೆ. ಕಂಬಳಿ, ರುಮಾಲು, ಮೊಣಕಾಲಿನವರೆಗಿನ ಧೋತರದ ಸಮೇತ ನನ್ನ ಕಚೇರಿಗೆ ಬಂದು, ಸಿಪಾಯಿಗಳ ಸಾಲಿನಲ್ಲಿ ನಿಂತು, ಅವರೆಲ್ಲರ ಊರು ಕೇಳುತ್ತಾರೆ. ನಮ್ಮದು ಕೋಟು ಟೈಗಳ ಕಚೇರಿ. ಹೆಡ್ ಕ್ಲಾರ್ಕ್ ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಟೆಂಪರರಿಗಳ ಎದೆ ಒಡೆಯುತ್ತಿತ್ತು. ಅಂಥಲ್ಲಿಗೆ ಇವರೇ?

"ಮಾಮಾರಿಗೆ ಒಂದ ಮಾತ ಹೇಳ್ರೆಲಾ" ಎಂದು ಹೆಂಡತಿ ಅನ್ನುವಳು.

"ಹೇಳಿದ್ರ ಬಂದಬಿಡ್ತಾರ" ಎಂದು ನಾನು ಪಿಸುಗುಟ್ಟುವೆನು.

"ಬಂದ್ರ ಏನಾತು?"

ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ. ಪರದೆಯ ಆಚೆಗೆ ಮಾವ ಕೆಮ್ಮಿದ ಸಪ್ಪಳ ಕೇಳಿದರೆ ನಾವಿಬ್ಬರೂ ಸುಮ್ಮನಾಗುತ್ತಿದ್ದೆವು. ಹೀಗೆ ಐದು ವರ್ಷ ನಾನು ಅವರನ್ನು ಕರೆಯಲಿಲ್ಲ. ಅವರೂ ನನ್ನ ನೌಕರಿಯ ಮಾತು ಒಮ್ಮೆಯೂ ಎತ್ತಲಿಲ್ಲ.

ಪಾರ್ಲಿಮೆಂಟಿನಲ್ಲಿ ಇವರು ಏನು ಮಾಡುತ್ತಿದ್ದರು ಎಂದು ಕೇಳುವಿರಾದರೆ, ಕೇಳುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಸಂಜೆ ಎಲ್ಲರಿಗಿಂತ ಕೊನೆಗೆ ಎದ್ದು ಬರುವರು. ನಾಲ್ಕು ವರ್ಷ ತುಟಿ ಬಿಚ್ಚಲಿಲ್ಲ. ಒಮ್ಮೆ ನಮ್ಮ ಮನೆಯಲ್ಲಿದ್ದಾಗ ಇದ್ದಕ್ಕಿದ್ದಂತೆ, "ಒಂದು ಪ್ರಶ್ನಿ ಬರಿಬೇಕಾಗೇತಿ. ನೀ ಇಂಗ್ಲೀಷಿನಾಗ ಬರಕೊಡು" ಎಂದರು. ನಾನು ಪೆನ್ನಿಗೆ ಮಸಿ ತುಂಬಿಸಿ ಕೂತೆ. ಪರದೇಶ ನೀತಿಯೋ, ಪಂಚವಾರ್ಷಿಕ ಯೋಜನೆಯೋ!

"ಸರಕಾರಿ ಕಚೇರಿಯ ಕಿಟಕಿಗಳು ಯಾಕ ಇಷ್ಟು ಗಿಡ್ಡ ಅದಾವ? ಅವನ್ನ ಎತ್ತರ ಮಾಡೂ ವಿಚಾರ ಸರಕಾರಕ್ಕ ಐತೇನು? ಇಷ್ಟ ಬರಿ."

ಶೆಟ್ಟರ ಜೊತೆ ನಿಂತ ದಿನದಿಂದ ಅವರ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತಂತೆ. ಆ ಕಿಟಕಿ ಎದೆಗಿಂತ ಕೆಳಗೆ ಇತ್ತು. ಒಳಗೆ ಕೂತವನ ಜೊತೆ ಮಾತಾಡಬೇಕಾದರೆ ಹೊರಗೆ ನಿಂತವನು ಸೊಂಟ ಬಗ್ಗಿಸಿ, ಕತ್ತು ತೂರಿಸಿ, ಮುಖ ಮೇಲಕ್ಕೆತ್ತಬೇಕು. "ಆರು ತಾಸು ನೋಡೀನಿ. ಎಲ್ಲಾರೂ ಬಾಗಿದ್ರು. ಪಗಾರದ ಕೆಲಸಾ ಮಾಡೂ ಒಬ್ಬ ಮನಷ್ಯಾನ ಮುಂದ ಊರ ಮಂದಿ ಯಾಕ ಬಾಗಬೇಕೋ?"

ಇದನ್ನು ಹಾಗೇ ಕಳಿಸಿದರೆ ನಗುತ್ತಾರೆ ಮಾಮಾ, ಸ್ವಲ್ಪ ದೊಡ್ಡದಾಗಿ ಬರೆಯೋಣ ಎಂದೆ. ಸಾರ್ವಜನಿಕ ಸೌಕರ್ಯ, ಆಡಳಿತ ಸುಧಾರಣೆ ಎಂದೆಲ್ಲ ಸೇರಿಸಿದೆ. ಓದಿಸಿ ಅರ್ಥ ಕೇಳಿಕೊಂಡರು. "ಕಿಟಕಿ ಎಲ್ಲಿ ಹೋತು?" ಎಂದರು. ಎಲ್ಲವನ್ನೂ ಹೊಡೆದುಹಾಕಿ ಬರೀ ಕಿಟಕಿ ಬರೆದೆ.

ಪ್ರಶ್ನೆ ಬಂದ ದಿನ ಮಂತ್ರಿಗಳು ಅಂಥ ಯೋಚನೆ ಏನೂ ಇಲ್ಲ ಎಂದು ಹೇಳಿ ಕೂತರಂತೆ. ಮಾವ ಮತ್ತೆ ಎದ್ದು ನಿಂತು, ಮಂತ್ರಿಗಳು ಒಮ್ಮೆ ಬಂದು ಆ ಕಿಟಕಿಯ ಮುಂದೆ ನಿಲ್ಲುವರೇ, ಜೊತೆಗೆ ನಾನೂ ನಿಲ್ಲುತ್ತೇನೆ ಎಂದರಂತೆ. ಸಭೆಯೆಲ್ಲ ನಕ್ಕಿತು. ಮುಂಬೈಯ ಒಂದು ಇಂಗ್ಲಿಷ್ ಪತ್ರಿಕೆ ಅದನ್ನು ತಮಾಷೆಯ ಅಂಕಣದಲ್ಲಿ ಹಾಕಿತು. ನಮ್ಮ ಹೆಡ್ ಕ್ಲಾರ್ಕ್ ಅದನ್ನು ಎಲ್ಲರ ಮುಂದೆ ಜೋರಾಗಿ ಓದಿ, ಇಂಥ ಗಮಾರನನ್ನು ಆರಿಸಿದವರು ಯಾರು, ಈ ಪ್ರಶ್ನೆ ಬರೆದುಕೊಟ್ಟ ಮೂರ್ಖನಾದರೂ ಯಾರು ಎಂದ. ಕಚೇರಿಗೆ ಕಚೇರಿಯೇ ನಕ್ಕಿತು. ನಾನೂ ನಕ್ಕೆ. ಉಳಿದವರಿಗಿಂತ ತುಸು ಜೋರಾಗಿಯೇ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮುಂದೆ ನಡೆದದ್ದು ಕೇಳಿ. ಏಳೆಂಟು ತಿಂಗಳ ಮೇಲೆ ಒಂದು ಮುಂಜಾನೆ ಶೆಟ್ಟರು ಏದುಸಿರು ಬಿಡುತ್ತ ಎರಡು ಮಾಳಿಗೆ ಹತ್ತಿ ಬಂದರು. "ಕಿಟಕಿ ಎತ್ತರ ಮಾಡಿದ್ದಾರೆ ಮಾರಾಯ್ರೆ! ಎರಡು ದಿನ ಆಚಾರಿಗಳು ಕೂತು ಮಾಡಿದ್ರು. ಯಾರು ಹೇಳಿದ್ದು ಅಂತ ಒಳಗಿನವರಿಗೇ ಗೊತ್ತಿಲ್ಲ." ಯಾವ ಮಂತ್ರಿ, ಯಾವ ಸಾಹೇಬ, ಯಾವ ಕಾಗದ, ಯಾವುದೂ ನಮಗೆ ತಿಳಿಯಲಿಲ್ಲ. ಮಾವ ಅಧಿವೇಶನದಿಂದ ಬಂದವರು ಚಹಾ ಕೂಡ ಕುಡಿಯದೆ ನೋಡಲು ಹೋದರು. ನಾನೂ ಹೋದೆ. ಕಿಟಕಿಯ ಮುಂದೆ ನಿಂತರು. ಬೆನ್ನು ನೆಟ್ಟಗಿತ್ತು. ಒಳಗಿನವನ ಕಣ್ಣಿಗೆ ಇವರ ಕಣ್ಣು ಸರಿಯಾಗಿ ಎದುರಾಯಿತು. ಏನು ಬೇಕೆಂದು ಅವನು ಕೇಳಿದ. ಏನೂ ಬೇಡ ಎಂದು ನಕ್ಕರು.

ಅಷ್ಟಕ್ಕೇ ತೃಪ್ತಿಯಾಗಿ ಬಂದಿದ್ದರೆ ಅವರು ನಮ್ಮ ಮಾವ ಹೇಗಾದಾರು? ಒಂದು ಗಳಿಗೆ ಪಕ್ಕಕ್ಕೆ ನಿಂತು ನೋಡಿದರು. ಗಿಡ್ಡ ಹೆಂಗಸೊಬ್ಬಳು ಬಂದು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಮಾವನ ಮುಖ ಸಣ್ಣದಾಯಿತು. "ಗಿಡ್ಡ ಮಂದೀನ ಮರತೆನಲ್ಲೋ. ಇನ್ನೊಂದು ಪ್ರಶ್ನಿ ಬರಿಬೇಕಾಗತೈತಿ" ಎಂದರು. ಖಂಡಿತ ಬರೆಯುವುದಿಲ್ಲ ಎಂದು ನಾನು ಕೈಮುಗಿದೆ. ಅವರು ನೇರವಾಗಿ ಶೆಟ್ಟರ ಹೋಟೆಲಿಗೆ ಹೋಗಿ, ಸೋಡಾ ಬಾಟಲಿಯ ಖಾಲಿ ಪೆಟ್ಟಿಗೆಯೊಂದನ್ನು ಹೊತ್ತು ತಂದು, ಕಿಟಕಿಯ ಕೆಳಗೆ ಮಗುಚಿ ಇಟ್ಟು, ಮೇಲೆ ಹತ್ತಿ ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರು. ಆ ಪೆಟ್ಟಿಗೆ ಎಷ್ಟೋ ವರ್ಷ ಅಲ್ಲೇ ಇತ್ತು.

ಎರಡನೆಯ ಚುನಾವಣೆ ಬಂತು. ಅಷ್ಟರಲ್ಲಿ ನಮ್ಮ ಜಿಲ್ಲೆ ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಮಾವನ ಹೊಲ ಮಾತ್ರ ಇದ್ದಲ್ಲೇ ಇತ್ತು. ಮೊದಲು ಜಗಳಾಡಿದ್ದ ಧುರೀಣರಿಬ್ಬರೂ ಈಗ ರಾಜಿಯಾಗಿದ್ದರು. ಐದು ವರ್ಷದಲ್ಲಿ ಇವರು ಮಾಡಿದ್ದೇನು, ಒಂದು ಕಿಟಕಿಯ ಪ್ರಶ್ನೆ ತಾನೇ ಎಂದು ಪಕ್ಷದವರು ಕೇಳಿದರು. ಟಿಕೆಟ್ಟು ಇಬ್ಬರಲ್ಲಿ ಒಬ್ಬರಿಗೆ ಹೋಯಿತು. ಮುಂಬೈಯಲ್ಲಿ ಅವರನ್ನು ಬಲ್ಲವರು, ದೊಡ್ಡವರ ಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ದುಂಬಾಲು ಬಿದ್ದರು. ಮಾವ ಹೋಗಲಿಲ್ಲ. "ಮಂದಿ ಕರದ್ರು, ಹೋದೆ. ಈಗ ಬ್ಯಾರೆದವರನ್ನ ಕರದಾರ. ಕರೀದ ಹೆಂಗ ಹೋಗ್ಲಿ?" ಎಂದರು. ಅವರ ಮುಖದಲ್ಲಿ ನಾನು ಬೇಸರ ಹುಡುಕಿದೆ. ಸಿಗಲಿಲ್ಲ.

ಮೆಂಬರಗಿರಿ ಮುಗಿದು, ದಿಲ್ಲಿಯ ಮನೆ ಖಾಲಿ ಮಾಡಿ, ಅದೇ ಕಂಬಳಿ ಅದೇ ಗಂಟಿನೊಡನೆ ನಮ್ಮಲ್ಲಿಗೆ ಬಂದಿಳಿದರು. ಎರಡು ದಿನ ಇದ್ದು ಊರಿಗೆ ಹೋಗುವವರಿದ್ದರು. ಆಗ ನನ್ನ ಮನೆಯಲ್ಲಿ ಸಾವಿನ ಕಳೆ. ಕಚೇರಿಯಲ್ಲಿ ಟೆಂಪರರಿಗಳನ್ನೆಲ್ಲ ಒಮ್ಮೆಗೇ ಇತ್ಯರ್ಥ ಮಾಡುವ ಆರ್ಡರು ಬಂದಿತ್ತು. ಮೂವರು ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದು ಪರೀಕ್ಷೆ ಮಾಡುವರು. ಆರಿಸಿದವರು ಕಾಯಂ, ಉಳಿದವರು ತಿಂಗಳ ಕೊನೆಗೆ ಮನೆಗೆ. ನಾವಿದ್ದದ್ದು ಹನ್ನೊಂದು ಜನ, ಇದ್ದ ಜಾಗ ನಾಲ್ಕು. ನನ್ನ ಹೆಂಡತಿಗೆ ಏಳನೆಯ ತಿಂಗಳು. ಪರೀಕ್ಷೆ ಮರುದಿನವೇ.

ಸಂಜೆ ಊಟಕ್ಕೆ ಕೂತಿದ್ದೆವು. ಊರಿಗೆ ಹೋದ ಮೇಲೆ ಒಂದು ಜೋಡಿ ಹೋರಿ ಕೊಳ್ಳಬೇಕೆಂದು ಮಾವ ಹೇಳುತ್ತಿದ್ದರು. ಯಾವ ಚೀಟಿಯೂ ನನಗೆ ಅಂದು ನೆನಪಿಗೆ ಬರಲಿಲ್ಲ, ಯಾವ ನಾಚಿಕೆಯೂ ಬರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಮಾಮಾ, ನಾಳೆ ನನ್ನ ಜೋಡಿ ಆಫೀಸಿಗೆ ಬರ್ತೀರೇನು?"

ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಮಾವ ರೊಟ್ಟಿಯನ್ನು ತಾಟಿನಲ್ಲಿಟ್ಟು ನನ್ನನ್ನೇ ನೋಡಿದರು.

"ಈಗ ನಾ ಮೆಂಬರ ಅಲ್ಲ, ಗೊತ್ತೈತಿಲ್ಲೋ? ನನ್ನಿಂದ ಏನೂ ಆಗೂದಿಲ್ಲ."

"ಗೊತ್ತೈತ್ರಿ."

"ಮತ್ಯಾಕ ಕರೀತಿ?"

"ಅಂಜಿ... ಅಂಜಿಕಿ ಆಗಾಕತ್ತೇತ್ರಿ ಮಾಮಾ."

"ಐದು ವರ್ಷ ಆ ಪರದೇದ ಆಚೆ ಮಕ್ಕೊಂಡು ಎಲ್ಲಾ ಕೇಳೀನೋ. ಯಾವಾಗ ಕರೀತಾನ, ಯಾವಾಗ ಕರೀತಾನ ಅಂತ ದಾರಿ ಕಾದೆ" ಎಂದರು. ಆಮೇಲೆ ರೊಟ್ಟಿ ಕೈಗೆತ್ತಿಕೊಂಡು, "ಎಷ್ಟಕ್ಕ ಹೊರಡೂದು?" ಎಂದು ಕೇಳಿದರು.

ಮರುದಿನ ಲೋಕಲ್ಲಿನ ಗದ್ದಲದಲ್ಲಿ ನನ್ನನ್ನು ಗೋಡೆಯ ಕಡೆ ನಿಲ್ಲಿಸಿ, ತಾವು ಅಡ್ಡ ನಿಂತು ಕರೆದುಕೊಂಡು ಹೋದರು. ಕಚೇರಿಯ ಕಾರಿಡಾರಿನಲ್ಲಿ ಹೆಡ್ ಕ್ಲಾರ್ಕ್ ಎದುರಾಗಿ, ಕನ್ನಡಕದ ಮೇಲಿಂದ ಆ ಕಂಬಳಿಯನ್ನು ನೋಡಿ, ಇವರು ಯಾರು ಎಂದ. ನಮ್ಮ ಸೋದರಮಾವ ಎಂದೆ. ಮೊನ್ನೆಮೊನ್ನೆಯವರೆಗೆ ಲೋಕಸಭೆಯಲ್ಲಿದ್ದರು, ಕಿಟಕಿಯ ಪ್ರಶ್ನೆ ಕೇಳಿದವರು ಇವರೇ, ಅದರ ಇಂಗ್ಲಿಷು ನನ್ನದು ಎಂದೂ ಹೇಳಿದೆ. ನನ್ನ ಧ್ವನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

ಮಾವ ಅದಾವುದನ್ನೂ ಗಮನಿಸಲಿಲ್ಲ. ಅವರಾಗಲೇ ಸಾಲಿನಲ್ಲಿದ್ದ ಉಳಿದ ಹತ್ತು ಜನರ ಊರು ಕೇಳುತ್ತಿದ್ದರು. ನನ್ನ ಹೆಸರು ಕೂಗಿದಾಗ ತಮ್ಮನ್ನೇ ಕರೆದರೋ ಎಂಬಂತೆ ಎದ್ದು ಬಾಗಿಲಿನವರೆಗೆ ಬಂದರು. ಒಳಗೆ ಸಾಹೇಬರು ಏನು ಕೇಳಿದರು, ನಾನು ಏನು ಹೇಳಿದೆ, ಇಂದು ಒಂದೂ ನೆನಪಿಲ್ಲ. ಮೇಜಿನ ಮುಂದೆ ಮುಕ್ಕಾಲು ಗಂಟೆ ನಿಂತೇ ಉತ್ತರ ಕೊಟ್ಟೆ ಎಂಬುದಷ್ಟೇ ನೆನಪಿದೆ. ಹದಿನೈದು ದಿನದ ಮೇಲೆ ಕಾಯಂ ಆದ ಆರ್ಡರು ಬಂತು. ಆಗ ಮಾವ ಊರಲ್ಲಿ ಬಿತ್ತನೆಗೆ ಹೊಲ ಹದ ಮಾಡುತ್ತಿದ್ದರು.

ಆದರೆ ನಾನು ಹೇಳಬೇಕಾದದ್ದು ಆ ಆರ್ಡರಿನ ಮಾತಲ್ಲ. ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಮಾವ ಬಾಗಿಲ ಹತ್ತಿರ ಬಿಟ್ಟಲ್ಲೇ ನಿಂತಿದ್ದರು. ಪಕ್ಕದಲ್ಲಿ ಒಂದು ಸ್ಟೂಲು ಖಾಲಿ ಇತ್ತು. ಮೂರು ಸಲ ಹೇಳಿದರೂ ಕೂಡಲಿಲ್ಲ ಎಂದು ಸಿಪಾಯಿ ನನ್ನ ಬಳಿ ದೂರಿದ. ಆಗ ಅವರಿಗೆ ಅರವತ್ತು ದಾಟಿತ್ತು.

"ಕೂಡಬಾರದೇನ್ರಿ ಮಾಮಾ?" ಎಂದೆ.

"ಒಳಗ ನೀ ನಿಂತಿದ್ದ್ಯಲ್ಲೋ" ಎಂದರು.